ಸ್ಪ್ರಿಂಗ್ ಕತ್ತರಿಸುವವನೂ ಬದಲಿಸುವವನೂ ಒಬ್ಬನೇ ಅಲ್ಲ

ಕಾರು ತಗ್ಗಿಸುವ ಹುಡುಗರ ಬಗ್ಗೆ ನಮ್ಮ ಓದಿಕೊಂಡವರ ವಲಯಕ್ಕೆ ಗೊತ್ತಿರುವುದು ಒಂದೇ ಪದ: ಶೋಕಿ. ಪದ ಮುಗಿಯಿತು, ವಿಚಾರವೂ ಮುಗಿಯಿತು. ಅಪ್ಪನ ದುಡ್ಡು, ರಾತ್ರಿ ಹೊತ್ತಿನ ರಿಂಗ್ ರೋಡು, ಕಿವಿ ಹರಿಯುವ ಸೈಲೆನ್ಸರು, ನೆಲಕ್ಕೆ ಅಂಟಿಕೊಂಡಂತಿರುವ ಕಾರು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತೇವೆ. ನನ್ನ ತಕರಾರು ಈ ಚೀಲದ ಬಗ್ಗೆ. ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಕಾರಿನ ಜೊತೆ ಬಂದ ಸ್ಪ್ರಿಂಗನ್ನೇ ಗ್ರೈಂಡರಿನಲ್ಲಿ ಒಂದೋ ಎರಡೋ ಸುತ್ತು ಕತ್ತರಿಸಿ ಮತ್ತೆ ಅಲ್ಲೇ ತುರುಕುವುದು. ಇನ್ನೊಂದು, ಆ ಮಾದರಿಗೆಂದೇ ಲೆಕ್ಕ ಹಾಕಿ ತಯಾರಿಸಿದ ಗಿಡ್ಡ ಸ್ಪ್ರಿಂಗನ್ನು ತಂದು, ಹಳೆಯದನ್ನು ಕ್ರಮವಾಗಿ ಇಳಿಸಿ, ಹೊಸದನ್ನು ಕ್ರಮವಾಗಿ ಕೂರಿಸುವುದು. ಬೀದಿಯಲ್ಲಿ ನಿಂತು ನೋಡಿದರೆ ಎರಡು ಕಾರೂ ಒಂದೇ ಥರ ಕಾಣುತ್ತವೆ. ಅವುಗಳ ವ್ಯತ್ಯಾಸ ತಿಳಿಯದವರೇ ಈ ವಿಷಯದಲ್ಲಿ ತೀರ್ಪು ಕೊಡುತ್ತಿದ್ದಾರೆ, ಆ ತೀರ್ಪಿನ ನೆರಳಿನಲ್ಲಿ ಬೆಳೆಯುತ್ತಿರುವುದು ಮೊದಲನೆಯ ಕೆಲಸ ಎನ್ನುವುದು ನನ್ನ ವಾದ.

ನನ್ನ ರುಚಿಯನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅನುಮಾನ ಬೇಡ. ತಗ್ಗಿಸಿದ ಕಾರು ನನಗೆ ಬೇಕಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಹಂಪ್ ಎಂದರೆ 10 ಸೆಂಟಿಮೀಟರ್ ಎತ್ತರದ, 3.7 ಮೀಟರ್ ಹರವಿನ ಒಂದು ಸಣ್ಣ ದಿಬ್ಬ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹತ್ತಿಳಿಯುವಂಥದ್ದು. ನಮ್ಮ ಬಡಾವಣೆಗಳಲ್ಲಿ ಇರುವುದು ಅದಲ್ಲ, ಬೀದಿಯವರೇ ಸೇರಿ ರಾತ್ರೋರಾತ್ರಿ ಸುರಿದ ಕಾಂಕ್ರೀಟಿನ ಮೋಟು ಗೋಡೆ. ಕಂಪನಿಗಳಿಗೂ ಇದು ಗೊತ್ತು. ಹೊರದೇಶದಲ್ಲಿ ಮಾರುವ ಮಾದರಿಗಳನ್ನು ಇಲ್ಲಿಗೆ ತರುವಾಗ ಎಷ್ಟೋ ಸಲ ತುಸು ಎತ್ತರಿಸಿಯೇ ತರುತ್ತವೆ. ಇಂಥ ಕಡೆ ಇರುವ ಎತ್ತರದಲ್ಲಿ 30-40 ಮಿಲಿಮೀಟರ್ ಕಳೆದುಕೊಳ್ಳುವುದು ನನಗೆ ಗಿಟ್ಟುವ ವ್ಯಾಪಾರವಲ್ಲ. ಲಾಭ ಇಲ್ಲವೇ ಇಲ್ಲ ಎಂದಲ್ಲ. ಕಾರಿನ ಗುರುತ್ವ ಕೇಂದ್ರ ನೆಲದಿಂದ 550 ಮಿಲಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. 30 ಮಿಲಿಮೀಟರ್ ತಗ್ಗಿಸಿದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಅಷ್ಟೇ. ಆದರೆ ನನಗೆ ಬೇಡ ಎನ್ನುವುದು ಬೇರೆ, ಯಾರಿಗೂ ಬೇಡ ಎನ್ನುವುದು ಬೇರೆ. ಮನೆಯ ಮುಂದೆ ಅಗತ್ಯಕ್ಕಿಂತ ದಪ್ಪ ಕಂಬ ನಿಲ್ಲಿಸುವುದೂ ಶೋಕಿಯೇ. ಕಂಬ ಬೀಳದಂತೆ ಕಟ್ಟಯ್ಯಾ ಎನ್ನುತ್ತೇವೆ, ಕಂಬ ನಿಲ್ಲಿಸಿದ್ದಕ್ಕೆ ಜೈಲು ಎನ್ನುವುದಿಲ್ಲ.

ಸ್ಪ್ರಿಂಗ್ ಎಂದರೇನು ಎನ್ನುವುದನ್ನು ಸ್ವಲ್ಪ ನೋಡೋಣ. ಸಾಹಿತ್ಯದ ಓದುಗರು ಇಲ್ಲಿ ಪುಟ ತಿರುಗಿಸಬಾರದು. ಜಗಳ ಇರುವುದೇ ಇಲ್ಲಿ. ಅದು ಸುರುಳಿ ಸುತ್ತಿದ ಒಂದು ಉಕ್ಕಿನ ಸರಳು. ಭಾರ ಬಿದ್ದಾಗ ಅದು ಕುಗ್ಗುವಂತೆ ಕಾಣುತ್ತದೆ, ನಿಜವಾಗಿ ಸರಳು ತನ್ನ ಉದ್ದಕ್ಕೂ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತಿರುತ್ತದೆ. ತಿರುಚಿಕೊಳ್ಳಲು ಎಷ್ಟು ಉದ್ದದ ಸರಳಿದೆಯೋ ಅಷ್ಟು ಮೆತ್ತಗೆ. ಬಾಲ್ ಪೆನ್ನಿನ ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿ ಒತ್ತಿ ನೋಡಿ, ಎರಡು ಪಟ್ಟು ಬಿಗಿಯಾಗಿರುತ್ತದೆ. ಕಾರಿನ ಸ್ಪ್ರಿಂಗಿನಲ್ಲಿ ಕೆಲಸ ಮಾಡುವ 6 ಸುತ್ತುಗಳಿದ್ದು ಅದರಲ್ಲೊಂದನ್ನು ಕತ್ತರಿಸಿದರೆ ಬಿಗುವು ಶೇ. 20 ಏರುತ್ತದೆ. ಸರಳಿನ ದಪ್ಪದ ಪ್ರಭಾವವಂತೂ ನಾಲ್ಕನೆಯ ಘಾತದ್ದು: ಶೇ. 10 ದಪ್ಪ ಹೆಚ್ಚಿದರೆ ಬಿಗುವು ಶೇ. 46 ಹೆಚ್ಚುತ್ತದೆ. ತಗ್ಗಿಸುವ ಸ್ಪ್ರಿಂಗನ್ನು ಲೆಕ್ಕ ಹಾಕಿ ಮಾಡುವವನು ಈ ಎಲ್ಲವನ್ನೂ ಒಟ್ಟಿಗೆ ಆಡಿಸುತ್ತಾನೆ. ಕಾರು ಕೆಳಗಿಳಿದಾಗ ಚಕ್ರ ಮೇಲೇಳಲು ಉಳಿಯುವ ಜಾಗ ಕಡಿಮೆ, ಆದ್ದರಿಂದ ಬಿಗುವು ತುಸು ಹೆಚ್ಚಬೇಕು. ಹೆಚ್ಚಿದ ಬಿಗುವನ್ನು ಇರುವ ಶಾಕ್ ಅಬ್ಸಾರ್ಬರ್ ತಡೆದುಕೊಳ್ಳಬೇಕು. ಕಾರನ್ನು ಜಾಕ್ ಹಾಕಿ ಎತ್ತಿದಾಗ, ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗಲೂ, ಸ್ಪ್ರಿಂಗ್ ತನ್ನ ಬಟ್ಟಲಲ್ಲಿ ಬಿಗಿಯಾಗಿ ಕೂತಿರಬೇಕು. ಅದಕ್ಕೆಂದೇ ಒಂದು ತುದಿಯಲ್ಲಿ ಒತ್ತೊತ್ತಾಗಿ ಕೆಲವು ಸುತ್ತು ಬಿಟ್ಟಿರುತ್ತಾರೆ.

ಗ್ರೈಂಡರಿನವನು ಕತ್ತರಿಸುವುದು ಈ ಕೊನೆಯ ಷರತ್ತನ್ನು. ಕಾರು ನಿಂತಾಗ ಚೆನ್ನಾಗಿಯೇ ನಿಂತಿರುತ್ತದೆ. ಸೇತುವೆಯ ಏರಿನಲ್ಲಿ ಒಂದು ಚಕ್ರ ಕ್ಷಣಕಾಲ ಹಗುರಾದಾಗ ಮೋಟು ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗುತ್ತದೆ, ತಿರುಗುತ್ತದೆ, ಬಟ್ಟಲಿನ ಅಂಚಿನ ಮೇಲೆ ಓರೆಯಾಗಿ ಕೂರುತ್ತದೆ. ಚಕ್ರ ಮತ್ತೆ ನೆಲಕ್ಕೆ ಬಿದ್ದಾಗ ಏನಾಗುತ್ತದೆ ಎನ್ನುವುದು ಆ ದಿನದ ಅದೃಷ್ಟ.

ಇದಕ್ಕಿಂತ ಕೆಟ್ಟದ್ದು ಗ್ಯಾಸ್ ಟಾರ್ಚಿನ ಪದ್ಧತಿ. ಸ್ಪ್ರಿಂಗನ್ನು ಬಿಚ್ಚುವ ಗೋಜೇ ಇಲ್ಲ. ಕಾರಿನಲ್ಲಿದ್ದಂತೆಯೇ ಒಂದೆರಡು ಸುತ್ತನ್ನು ಕೆಂಪಗೆ ಕಾಯಿಸಿದರೆ ಕಾರಿನ ಭಾರಕ್ಕೆ ಅದೇ ಕುಸಿದು ಕೂರುತ್ತದೆ. ಇದನ್ನು ನೋಡಿದರೆ ನಮ್ಮ ಹಳ್ಳಿಯ ಕಮ್ಮಾರ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕತ್ತಿ ಮಾಡುವ ಕುಲುಮೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು, ಈಗಲೂ ಅಲ್ಲಲ್ಲಿ ಇವೆ. ಅದು ಒಳ್ಳೆಯ ಉಕ್ಕು ಎಂದು ಅವರಿಗೆ ಗೊತ್ತು. ಕೆಂಪಗೆ ಕಾದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಗಾಜಿನಂತೆ ಪೆಡಸಾಗುತ್ತದೆ, ಮತ್ತೆ ಹದವಾಗಿ ಕಾಯಿಸಿದರೆ ಮಾತ್ರ ಬಾಗಿಯೂ ಮುರಿಯದಂತಾಗುತ್ತದೆ ಎಂದೂ ಗೊತ್ತು. ಬಣ್ಣ ನೋಡಿ ಅವರು ಹದ ಹೇಳುತ್ತಾರೆ: ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ. ಹದ ಎನ್ನುವ ಪದ ನಮ್ಮಲ್ಲಿ ಹಿಟ್ಟಿಗೂ ಇದೆ, ಹೊಲಕ್ಕೂ ಇದೆ, ಚರ್ಮಕ್ಕೂ ಇದೆ, ಉಕ್ಕಿಗೂ ಇದೆ. ಇಷ್ಟು ಒಳ್ಳೆಯ ಪದ ಇಟ್ಟುಕೊಂಡ ಭಾಷೆಯವರು ಟಾರ್ಚ್ ಹಿಡಿದವನ ಮುಂದೆ ನಿಂತು ಹದ ಕೆಡಿಸಬೇಡ ಎನ್ನುವುದನ್ನು ಬಿಟ್ಟು ಶೋಕಿ ಮಾಡಬೇಡ ಎನ್ನುತ್ತೇವೆ. ಶೋಕಿ ಬೇಡ ಎಂದರೆ ಯಾವ ಹುಡುಗ ಕೇಳಿದ್ದಾನೆ? ಕಾಯಿಸಿದ ಜಾಗದಲ್ಲಿ ಉಕ್ಕು ಮೆತ್ತಗಾಗಿದೆ, ಅದರ ಪಕ್ಕದಲ್ಲೇ ಪೆಡಸಾಗಿರಬಹುದು, ನಾಳೆ ಇದು ಮುರಿದು ಟಯರಿಗೆ ಹೊಕ್ಕೀತು ಎಂದರೆ ಕೇಳುವ ಹುಡುಗರನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತಿದೆ: "ಅದೆಲ್ಲ ಮನೆಯಲ್ಲಿ ಮಾಡುವ ಕೆಲಸವಲ್ಲ." ಇದನ್ನು ಹೇಳುವವರು ಬಹುಮಟ್ಟಿಗೆ ಯಾವ ಕೆಲಸವನ್ನೂ ಮನೆಯಲ್ಲಿ ಮಾಡದವರು. ಅವರ ಕಲ್ಪನೆಯ ವರ್ಕ್‌ಶಾಪ್ ಬಿಳಿ ಟೈಲ್ಸಿನದು. ನಮ್ಮ ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ ನಾನು ಕಂಡದ್ದು ಬೇರೆ. ಹದಿನಾರು ಹದಿನೇಳರ ಹುಡುಗ ಸ್ಟ್ರಟ್ಟನ್ನು ತೊಡೆಗಳ ನಡುವೆ ಅಡ್ಡ ಇಟ್ಟುಕೊಂಡಿದ್ದ, ಕುಗ್ಗಿಸಿದ ಸುತ್ತುಗಳಿಗೆ ಕಟ್ಟುತಂತಿ ಬಿಗಿದಿದ್ದ, ಮೇಲಿನ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಚ್ಚುತ್ತಿದ್ದ. ನಟ್ಟಿನ ನೇರಕ್ಕೆ ಅವನ ಗದ್ದ. ಮಾಲೀಕ ಟೀ ಕುಡಿಯುತ್ತಿದ್ದ. ಲೆಕ್ಕ ನೋಡಿ: ಮಿಲಿಮೀಟರಿಗೆ 25 ನ್ಯೂಟನ್ ಬಿಗುವಿನ ಒಂದು ಸ್ಪ್ರಿಂಗನ್ನು 150 ಮಿಲಿಮೀಟರ್ ಕುಗ್ಗಿಸಿದರೆ ಅದು ಸುಮಾರು 380 ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. ಅದರೊಳಗೆ ಕೂಡಿಟ್ಟ ಶಕ್ತಿ 25 ಕಿಲೋ ಅಕ್ಕಿ ಮೂಟೆಯೊಂದು ಒಂದು ಮೀಟರಿಗೂ ಮೇಲಿನಿಂದ ಬಿದ್ದಷ್ಟು. ಅದೆಲ್ಲ ಎರಡು ಕಿಲೋ ತೂಕದ ಕಬ್ಬಿಣಕ್ಕೆ ಒಮ್ಮೆಗೇ ಸಿಕ್ಕಿದರೆ ಅದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆ ಶೆಡ್ಡು ಮನೆಯಲ್ಲ, ಸರಿ. ಅಲ್ಲಿ ಬೋರ್ಡಿದೆ, ಬಿಲ್ ಪುಸ್ತಕವಿದೆ. ಮನೆಯಂಗಳದಲ್ಲಿ ನಿಧಾನವಾಗಿ, ಪುಸ್ತಕ ತೆರೆದಿಟ್ಟುಕೊಂಡು ಮಾಡುವವನಿಗಿಂತ ಆ ಹುಡುಗ ಹೇಗೆ ಹೆಚ್ಚು ಸುರಕ್ಷಿತ?

ನಾನು ಮನೆಯಂಗಳದಲ್ಲಿ ಮಾಡಿದ್ದೇನೆ. ತಗ್ಗಿಸಲಿಕ್ಕಲ್ಲ, ನನ್ನ ಹಳೆಯ ಸಣ್ಣ ಕಾರಿನ ಮುಂದಿನ ಸ್ಪ್ರಿಂಗ್ ಕೆಳಗಿನ ಸುತ್ತಿನಲ್ಲಿ ತುಕ್ಕು ಹಿಡಿದು ತುಂಡಾಗಿತ್ತು, ಅದೇ ಅಳತೆಯ ಹೊಸ ಜೋಡಿ ಹಾಕಿದೆ. ಕೆಲಸ ಎರಡಕ್ಕೂ ಒಂದೇ, ಒಂದು ಬೋಲ್ಟೂ ವ್ಯತ್ಯಾಸವಿಲ್ಲ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಅದನ್ನು ನಂಬಿ ಕೆಳಗೆ ನುಸುಳಿದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಬ್ರೇಕ್ ಪೈಪನ್ನೂ ಸೆನ್ಸರ್ ವೈರನ್ನೂ ಸ್ಟ್ರಟ್ಟಿನಿಂದ ಬಿಡಿಸಬೇಕು, ಇಲ್ಲವಾದರೆ ಅವೇ ಭಾರ ಹೊರಬೇಕಾಗುತ್ತದೆ. ಕೆಳಗಿನ ಎರಡು ದಪ್ಪ ಬೋಲ್ಟುಗಳ ಜಾಗಕ್ಕೆ ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕಿಕೊಳ್ಳಬೇಕು. ಸ್ಟ್ರಟ್ ಕೈಗೆ ಬಂದ ಮೇಲೆ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಸಿಕ್ಕಿಸಿ, ತಿರುಪಿಗೆ ಗ್ರೀಸ್ ಹಚ್ಚಿ, ಈ ಕಡೆ ಮೂರು ಸುತ್ತು, ಆ ಕಡೆ ಮೂರು ಸುತ್ತು, ಕೈಯಿಂದಲೇ. ಇಂಪ್ಯಾಕ್ಟ್ ಗನ್ ಮುಟ್ಟುವಂತಿಲ್ಲ. ಸ್ಪ್ರಿಂಗ್ ತನ್ನ ಮೇಲಿನ ಬಟ್ಟಲಿನಿಂದ ಬಿಟ್ಟುಕೊಂಡು ಕೈಯಲ್ಲಿ ಅಲ್ಲಾಡುವ ತನಕ ಮೇಲಿನ ನಟ್ಟಿನ ಹತ್ತಿರ ಹೋಗಬಾರದು. ಅಲ್ಲಾಡಿದರೆ ಭಾರವೆಲ್ಲ ಈಗ ಕೊಕ್ಕೆಗಳ ಮೇಲಿದೆ ಎಂದರ್ಥ. ಆಗಲೂ ಅದರ ತುದಿಗೆ ಮುಖ ಒಡ್ಡಬಾರದು, ಮಕ್ಕಳನ್ನು ಅಂಗಳದಿಂದ ಒಳಗೆ ಕಳಿಸಿರಬೇಕು. ಹೊಸದನ್ನು ಕೂರಿಸುವಾಗ ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ತಾಗಿ ನಿಂತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಹಿಂದಿನದು ಸುಲಭ. ಬಹಳಷ್ಟು ಸಣ್ಣ ಕಾರುಗಳಲ್ಲಿ ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ; ಅಡ್ಡತೊಲೆಯನ್ನು ಜಾಕಿನ ಮೇಲೆ ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ.

ಅವಸರದ ಶೆಡ್ಡುಗಳಲ್ಲಿ ತಪ್ಪಿಸಿಕೊಳ್ಳುವ ಒಂದು ವಿಷಯವಿದೆ, ಅದನ್ನು ಬರೆಯದೆ ಬಿಡಲಾರೆ. ಸಸ್ಪೆನ್ಷನ್ನಿನ ಕೀಲುಗಳಲ್ಲಿ ಇರುವುದು ರಬ್ಬರ್ ಬುಷ್‌ಗಳು. ಹೆಚ್ಚಿನವು ಜಾರುವುದಿಲ್ಲ, ತಿರುಚಿಕೊಳ್ಳುತ್ತವೆ. ಕಾರು ಗಾಳಿಯಲ್ಲಿದ್ದಾಗಲೇ ಅವುಗಳ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಾರನ್ನು ನೆಲಕ್ಕಿಳಿಸಿ, ಅದರ ಪೂರ್ತಿ ಭಾರ ಚಕ್ರದ ಮೇಲೆ ಬಿಟ್ಟು, ಆಮೇಲೆ ಕೊನೆಯ ಬಿಗಿತ. ತಗ್ಗಿಸಿದ ಕಾರಿನಲ್ಲಿ ಎತ್ತರವೇ ಬದಲಾಗಿರುವುದರಿಂದ ಮುಟ್ಟದ ಬುಷ್‌ಗಳನ್ನೂ ಸಡಿಲಿಸಿ ಮತ್ತೆ ಬಿಗಿಯಬೇಕು. ಒಳಗೆ ಮಲಗಿ ಮಾಡುವ ಬೇಸರದ ಕೆಲಸ. ಗಂಟೆಗೆ ಇಷ್ಟು ಕಾರು ಮುಗಿಸಬೇಕಾದವನಿಗೆ ಇದಕ್ಕೆಲ್ಲಿ ಪುರುಸೊತ್ತು? ಮನೆಯಲ್ಲಿ ಮಾಡುವವನಿಗೆ ಭಾನುವಾರವಿಡೀ ಇದೆ. ಆಮೇಲೆ ಅಲೈನ್‌ಮೆಂಟಿಗೆ ಮಾತ್ರ ಯಂತ್ರವಿರುವ ಕಡೆ ಹೋಗಲೇಬೇಕು, ಎತ್ತರ ಬದಲಾದರೆ ಚಕ್ರದ ಕೋನಗಳೂ ಬದಲಾಗಿರುತ್ತವೆ.

ಈಗ ಕಾನೂನಿಗೆ ಬರೋಣ. ನಾನು ಅಂಗಳದಲ್ಲಿ ಮಾಡಿದ ಕೆಲಸದ ಹೆಸರು ರಿಪೇರಿ. ಅದೇ ಅಂಗಳದಲ್ಲಿ, ಅದೇ ಸ್ಪ್ಯಾನರಿನಿಂದ, 30 ಮಿಲಿಮೀಟರ್ ಗಿಡ್ಡದಾದ ಸ್ಪ್ರಿಂಗ್ ಹಾಕಿದ್ದರೆ ಅದು ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಹೊಸದಾಗಿ ಬದಲಿಸಿ ಬರೆಯಿತು: ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಲೆಕ್ಕ ಹಾಕಿ ಮಾಡಿದ ಸ್ಪ್ರಿಂಗಿಗೂ ಇದೇ, ಗ್ರೈಂಡರಿನ ಮೋಟು ಸ್ಪ್ರಿಂಗಿಗೂ ಇದೇ. ಎರಡಕ್ಕೂ ಶಿಕ್ಷೆ ಒಂದೇ ಆದಮೇಲೆ ಹುಡುಗನ ಲೆಕ್ಕ ಸರಳ. ಒಂದಕ್ಕೆ ಹತ್ತಾರು ಸಾವಿರ ಖರ್ಚು, ಮೇಲೆ ಕಂಪನಿಯ ಹೆಸರು ಅಚ್ಚಾದ ಕೆಂಪೋ ನೀಲಿಯೋ ಬಣ್ಣ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದಕ್ಕೆ ಕೆಲವೇ ನೂರು ರೂಪಾಯಿ, ಬಣ್ಣ ಮೊದಲಿನದೇ ಕಪ್ಪು. ಬೇಗ ಸಿಕ್ಕಿಬೀಳುವುದು ಒಳ್ಳೆಯ ಕೆಲಸ, ತಪ್ಪಿಸಿಕೊಳ್ಳುವುದು ಕೆಟ್ಟ ಕೆಲಸ. ಇಂಥ ಕಾನೂನನ್ನು ಸುರಕ್ಷತೆಯ ಕಾನೂನು ಎನ್ನಲು ನನ್ನಿಂದಾಗದು.

ಅದೂ ನೋಡುವವರಿದ್ದರೆ ತಾನೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಷ್ಟು ಕಾಲ ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡುವ ಯಾವ ಕಡ್ಡಾಯ ತಪಾಸಣೆಯೂ ಇಲ್ಲ. ಸುತ್ತು ಕತ್ತರಿಸಿದ ಕಾರು ಹೊಗೆ ತಪಾಸಣೆಯ ಚೀಟಿ ಅಂಟಿಸಿಕೊಂಡು ಎಷ್ಟೋ ವರ್ಷ ಓಡಬಹುದು.

ಎತ್ತರಿಸುವವರ ವಿಷಯದಲ್ಲಿ ನಮ್ಮ ಮೌನ ನೋಡಿ. ಹಂಪ್ ತಾಗುತ್ತದೆ ಎಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ಗಡ್ಡೆ ತುರುಕುವುದು ಎಲ್ಲ ಊರಿನಲ್ಲೂ ನಡೆಯುತ್ತದೆ, ಆನ್‌ಲೈನಿನಲ್ಲಿ ರಾಜಾರೋಷವಾಗಿ ಮಾರಾಟಕ್ಕಿದೆ. ಸಂಸಾರಸ್ಥರು, ಮೇಷ್ಟ್ರುಗಳು, ಬ್ಯಾಂಕಿನವರು ಹಾಕಿಸಿಕೊಳ್ಳುತ್ತಾರೆ. ಗಡ್ಡೆ ಸಿಕ್ಕಿಸಿದ ಸುತ್ತು ಸರಿಯಾಗಿ ತಿರುಚಿಕೊಳ್ಳಲಾರದು, ಅಂದರೆ ಸ್ಪ್ರಿಂಗಿನ ದೃಷ್ಟಿಯಲ್ಲಿ ಅದನ್ನು ಬಹುಪಾಲು ಕತ್ತರಿಸಿದಂತೆಯೇ. ಉಳಿದ ಸುತ್ತುಗಳು ಅದರ ಪಾಲನ್ನೂ ಹೊರುತ್ತವೆ. ಮೂಲ ವಿವರಗಳಿಗೆ ವಿರುದ್ಧ ಎನ್ನುವುದೇ ಅಳತೆಯಾದರೆ ಇದೂ ವಿರುದ್ಧವೇ. ಇದನ್ನು ಯಾರಾದರೂ ಶೋಕಿ ಎಂದದ್ದು ಕೇಳಿದ್ದೀರಾ? ಇದು "ಅಡ್ಜಸ್ಟ್‌ಮೆಂಟ್". ಮೇಲಕ್ಕೇರಿಸಿದರೆ ಜಾಣತನ, ಕೆಳಗಿಳಿಸಿದರೆ ಪುಂಡಾಟ. ನಮ್ಮ ಸಿಟ್ಟು ಸ್ಪ್ರಿಂಗಿನ ಮೇಲಲ್ಲ, ಹುಡುಗನ ತಲೆಗೂದಲು, ಅವನ ಹಾಡು, ಅವನು ಯಾವ ಬೀದಿಯಿಂದ ಬಂದವನು ಎನ್ನುವುದರ ಮೇಲೆ ಎಂದು ನನಗೆ ಅನುಮಾನ ಬರುವುದು ಇಲ್ಲೇ.

ಬೇರೆ ದಾರಿ ಇಲ್ಲವೆಂದಲ್ಲ. ತಗ್ಗಿಸುವ ಸ್ಪ್ರಿಂಗಿಗೆ ಹೆಸರಾದ ಐಬಾಕ್, ಎಚ್ ಅಂಡ್ ಆರ್ ಕಂಪನಿಗಳ ತವರು ಜರ್ಮನಿಯಲ್ಲಿ ಇಂಥ ಸ್ಪ್ರಿಂಗಿನ ಜೊತೆ ಒಂದು ಪರೀಕ್ಷಾ ವರದಿ ಬರುತ್ತದೆ: ಯಾವ ಮಾದರಿಗೆ, ಎಷ್ಟು ಭಾರಕ್ಕೆ, ಯಾವ ಅಳತೆಯ ಚಕ್ರದೊಂದಿಗೆ. ಜೋಡಣೆಯಾದ ಮೇಲೆ ಟ್ಯೂಫ್ ಅಥವಾ ಡೆಕ್ರಾದಂಥ ಸಂಸ್ಥೆಯ ತಪಾಸಕನಿಗೆ ಕಾರು ತೋರಿಸಬೇಕು. ಅವನು ಒಪ್ಪಿದರೆ ಅದು ಕಾರಿನ ಕಾಗದಕ್ಕೆ ಸೇರುತ್ತದೆ. ತೋರಿಸದೆ ಓಡಿಸಿದರೆ ತೊಂದರೆ ಖಂಡಿತ, ಆ ದೇಶ ಸಡಿಲವೇನಲ್ಲ. ಗಂಟೆ ಲೆಕ್ಕದಲ್ಲಿ ಲಿಫ್ಟು, ಸಲಕರಣೆ ಬಾಡಿಗೆಗೆ ಕೊಡುವ ಗ್ಯಾರೇಜುಗಳೂ ಅಲ್ಲಿವೆ, ಅಂಗಳವಿಲ್ಲದವರು ಅಲ್ಲಿ ಹೋಗಿ ಕೈ ಮಸಿ ಮಾಡಿಕೊಳ್ಳುತ್ತಾರೆ.

ಜರ್ಮನಿಯ ಮಾತು ನಮಗೆ ಯಾಕೆ ಎನ್ನುವವರಿಗೆ ನಮ್ಮದೇ ಉದಾಹರಣೆ ಕೊಡುತ್ತೇನೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕುವುದು ಸ್ಪ್ರಿಂಗಿಗಿಂತ ಎಷ್ಟೋ ದೊಡ್ಡ ಮಾರ್ಪಾಡು. 200 ಬಾರ್ ಒತ್ತಡದ ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿ, ಮಕ್ಕಳು ಕೂರುವ ಸೀಟಿನ ಬೆನ್ನಿಗೆ ಕೂರಿಸುತ್ತೇವೆ. ಅದಕ್ಕೆ ಕಾನೂನು ದಾರಿ ಮಾಡಿಕೊಟ್ಟಿದೆ: ಅನುಮೋದಿತ ಕಿಟ್, ಅಧಿಕೃತ ಜೋಡಣೆ, ಆರ್‌ಸಿಯಲ್ಲಿ ನಮೂದು, ಸಿಲಿಂಡರಿಗೆ ನಿಗದಿತ ಅವಧಿಗೊಮ್ಮೆ ಒತ್ತಡದ ಪರೀಕ್ಷೆ. ಅಂದರೆ ಅನುಮೋದಿಸಿ, ನೋಡಿ, ಬರೆದುಕೊಳ್ಳುವ ವಿದ್ಯೆ ನಮ್ಮ ಆರ್‌ಟಿಓ ಕಚೇರಿಗೆ ಗೊತ್ತಿಲ್ಲದ್ದೇನಲ್ಲ. ಇಂಧನ ಉಳಿಸುವ ಗೃಹಸ್ಥನಿಗೆ ಸಿಕ್ಕ ಆ ದಾರಿ ಸ್ಪ್ರಿಂಗಿನ ಹುಡುಗನಿಗೆ ಯಾಕಿಲ್ಲ?

ಸಾಹಿತ್ಯ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳಂಥ ವಿಶ್ವಕೋಶಗಳನ್ನೇ ಬರೆದ ಭಾಷೆ ಇದು. ಕಾಯಕದ ಬಗ್ಗೆ ನಾವು ವರ್ಷಕ್ಕೆ ನೂರು ಉಪನ್ಯಾಸ ಕೇಳುತ್ತೇವೆ. ಆದರೆ ಸ್ಪ್ರಿಂಗ್ ಕಂಪ್ರೆಸರನ್ನು ಹೇಗೆ ಹಿಡಿಯಬೇಕು ಎಂದು ಕನ್ನಡದಲ್ಲಿ ಓದಿ ತಿಳಿಯಬೇಕೆನ್ನುವ ಆ ಶೆಡ್ಡಿನ ಹುಡುಗನ ಕೈಗೆ ಕೊಡಲು ನನ್ನ ಕಪಾಟಿನಲ್ಲಿ ಒಂದು ಪುಟವೂ ಇಲ್ಲ. ಅವನು ತನಗೆ ತಿಳಿಯದ ಭಾಷೆಯ ವಿಡಿಯೋದಲ್ಲಿ ಕೈಗಳನ್ನಷ್ಟೇ ನೋಡಿ ಕಲಿಯುತ್ತಾನೆ. ಕೈಗಳು ಏನು ಮಾಡಿದವು ಎಂದು ಕಾಣುತ್ತದೆ, ಮೇಲಿನ ನಟ್ಟು ಬಿಚ್ಚುವ ಮೊದಲು ಅವು ಯಾಕೆ ನಿಂತವು ಎಂದು ಕಾಣುವುದಿಲ್ಲ.

ಆರ್‌ಟಿಓ ಕಚೇರಿಯಲ್ಲಿ ನಾನು ಕೇಳುತ್ತಿರುವುದು ಒಂದು ಹಾಳೆ. ಸ್ಪ್ರಿಂಗಿನ ಮೇಲೆ ಅಚ್ಚಾದ ಸಂಖ್ಯೆ ಅನುಮೋದಿತ ಪಟ್ಟಿಯಲ್ಲಿದೆಯೇ. ಕಾರು ಎತ್ತಿ ಚಕ್ರ ಜೋತುಬಿಟ್ಟಾಗ ಸ್ಪ್ರಿಂಗ್ ಬಟ್ಟಲಲ್ಲಿ ಬಿಗಿಯಾಗಿದೆಯೇ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿದಾಗ ಟಯರು ಏನಕ್ಕಾದರೂ ಉಜ್ಜುತ್ತದೆಯೇ, ಬ್ರೇಕ್ ಪೈಪು ಎಳೆಯುತ್ತದೆಯೇ. ಅಲೈನ್‌ಮೆಂಟಿನ ಚೀಟಿ ಇದೆಯೇ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತಿದೆ. ಒಂದು ಗುಂಡಿ, ಒಂದು ಟಾರ್ಚು, ಬಗ್ಗಿ ನೋಡಲು ಸಿದ್ಧನಿರುವ ಒಬ್ಬ ಇನ್‌ಸ್ಪೆಕ್ಟರು, ಅರ್ಧ ಗಂಟೆ. ಶುಲ್ಕ ಬೇಕಾದರೆ ಆ 5,000 ರೂಪಾಯಿಯನ್ನೇ ಇಟ್ಟುಕೊಳ್ಳಲಿ.